‘ನಮ್ದಲ್ರೀ’ ಇಲಾಖೆ

ಸರ್ಕಾರದಲ್ಲಿ ಅತಿ ದೊಡ್ಡ ಇಲಾಖೆ ಯಾವುದು ಅಂತ ಕೇಳಿದರೆ ಕೆಲವರು ಕಂದಾಯ ಅಂತಾರೆ, ಕೆಲವರು ಶಿಕ್ಷಣ ಅಂತಾರೆ. ಎರಡೂ ತಪ್ಪು. ಬಳ್ಳಾರಿಯಲ್ಲಿ ಒಂದು ವಾರ ಕಚೇರಿ ಕಚೇರಿ ಸುತ್ತಿ ಬಂದು ಹೇಳುತ್ತಿದ್ದೇನೆ, ಅತಿ ದೊಡ್ಡದು ‘ನಮ್ದಲ್ರೀ’ ಇಲಾಖೆ. ಇದಕ್ಕೆ ಬೋರ್ಡ್ ಇಲ್ಲ, ಮಂತ್ರಿ ಇಲ್ಲ, ಆದರೆ ಇದರ ಶಾಖೆ ಇಲ್ಲದ ಕಟ್ಟಡವೂ ಇಲ್ಲ. ಸಿಬ್ಬಂದಿ ಕೊರತೆಯಂತೂ ಇಲ್ಲವೇ ಇಲ್ಲ. ಉಳಿದ ಇಲಾಖೆಯವರು ಊಟಕ್ಕೆ ಹೋಗಿರುತ್ತಾರೆ, ರಜೆಯಲ್ಲಿರುತ್ತಾರೆ, ವಿಸಿಯಲ್ಲಿ, ಅಂದರೆ ವಿಡಿಯೊ ಕಾನ್ಫರೆನ್ಸಿನಲ್ಲಿರುತ್ತಾರೆ. ಈ ಇಲಾಖೆಯ ನೌಕರ ಮಾತ್ರ ಸದಾ ಸೀಟಿನಲ್ಲೇ ಇರುತ್ತಾನೆ. ನೀವು ಚೀಲದಿಂದ ಕಾಗದ ಹೊರಗೆ ತೆಗೆಯುವ ಮೊದಲೇ, ತಲೆ ಎತ್ತದೆ, ‘ಇದು ನಮ್ದಲ್ರೀ’ ಅನ್ನುತ್ತಾನೆ. ಇಷ್ಟು ಚುರುಕಾದ ಸೇವೆ ಇನ್ನೆಲ್ಲೂ ಸಿಗಲ್ಲ.

ನಾನು ಹೋಗಿದ್ದು ನನ್ನ ಕೆಲಸಕ್ಕಲ್ಲ. ಸಿರುಗುಪ್ಪ ಕಡೆ ನನಗೊಬ್ಬಳು ದೂರದ ತಂಗಿ ಇದ್ದಾಳೆ. ಅವಳ ಮಗನಿಗೆ 11 ವರ್ಷ. ಮಾತು ಬಂದಿಲ್ಲ. ಆಗಾಗ ಫಿಟ್ಸ್ ಬರುತ್ತದೆ. ದಿನಾ ಉಣ್ಣುವ ತಾಟು ಬದಲಾದರೆ ಅವತ್ತು ಊಟ ಬಿಟ್ಟ ಅಂತಲೇ ಲೆಕ್ಕ. ರಾತ್ರಿ ನಿದ್ದೆ ಇಲ್ಲದೆ ಗೋಡೆಗೆ ತಲೆ ಬಡಿದುಕೊಳ್ಳುತ್ತಾನೆ. ಅವಳು ಗೋಡೆಗೂ ಅವನ ಹಣೆಗೂ ನಡುವೆ ತನ್ನ ಅಂಗೈ ಇಟ್ಟು ಕೂತಿರುತ್ತಾಳೆ. ಅವನು ತಣ್ಣಗೆ ನಿಲ್ಲುವುದು ಒಂದೇ ಕಡೆ, ಊರ ಅಕ್ಕಿ ಗಿರಣಿಯಲ್ಲಿ. ಬೆಲ್ಟ್ ತಿರುಗುವುದನ್ನು ನೋಡುತ್ತಾ ಗಂಟೆಗಟ್ಟಲೆ ಸುಮ್ನೆ ನಿಂತಿರುತ್ತಾನೆ. ಕರೆಂಟು ಹೋದರೆ ಮಾತ್ರ ಗಿರಣಿಯವರಿಗಿಂತ ಜಾಸ್ತಿ ಇವನಿಗೇ ನಷ್ಟ.

ಇಂಥ ಮಕ್ಕಳಿಗೆ ಸುತ್ತೋಲೆಯ ಭಾಷೆಯಲ್ಲಿ ‘ಸಂಕೀರ್ಣ ಮಾನಸಿಕ ಆರೋಗ್ಯ ಅಗತ್ಯಗಳುಳ್ಳ ಮಕ್ಕಳು’ ಅನ್ನುತ್ತಾರೆ. ಇವರಿಗಾಗಿ ಎಲ್ಲ ಇಲಾಖೆಗಳೂ ಕೂಡಿ ಕೆಲಸ ಮಾಡಬೇಕು, ಅದಕ್ಕೆ ಸಮನ್ವಯ ಸಭೆ ನಡೆಸಬೇಕು ಅಂತ ಆದೇಶ. ಆದರೆ ಬಳ್ಳಾರಿಯಲ್ಲಿ ‘ಸಂಕೀರ್ಣ’ ಅಂದರೆ ಒಂದೇ ಅರ್ಥ, ವಾಣಿಜ್ಯ ಸಂಕೀರ್ಣ. ಕೆಳಗೆ ಜೀನ್ಸ್ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್. ಅಂಥದೊಂದು ಸಭೆಯಲ್ಲಿ ವಿಷಯ ಓದುತ್ತಿದ್ದಂತೆ ಎಂಜಿನಿಯರ್ ಒಬ್ಬರು ಎದ್ದು, ‘ಸಂಕೀರ್ಣ ಎಷ್ಟು ಮಳಿಗೇದು ಸಾರ್? ಎಸ್ಟಿಮೇಟ್ ಹಾಕ್ಕೊಂಡು ಬರ್ತೀನಿ’ ಅಂದರಂತೆ. ನಗಬೇಡಿ. ಆ ಮಕ್ಕಳಿಗಾಗಿ ಏನಾದರೂ ಮಾಡುತ್ತೇನೆ ಅಂತ ಅವತ್ತು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.

ನಮ್ಮ ಕಡೆ ಅಣ್ಣ ತಮ್ಮಂದಿರು ಬೇರೆ ಆದರೆ ಹೊಲಕ್ಕೆ ಪೋಡಿ ಮಾಡಿಸುತ್ತಾರೆ. ಹಾಗೆ ಈ ಹುಡುಗನಿಗೂ ಪೋಡಿ ಆಗಿದೆ. ತಲೆ ಆರೋಗ್ಯ ಇಲಾಖೆಯ ಹಿಸ್ಸೆಗೆ. ಬೆನ್ನ ಮೇಲಿನ ಬ್ಯಾಗು ಶಿಕ್ಷಣ ಇಲಾಖೆಗೆ. 6 ವರ್ಷದವರೆಗಿನ ಹೊಟ್ಟೆ ಅಂಗನವಾಡಿಗೆ, ಆಮೇಲಿನ ಹೊಟ್ಟೆ ಬಿಸಿಯೂಟಕ್ಕೆ. ಎಷ್ಟು ಪರ್ಸೆಂಟು ಅನ್ನುವ ಅಂಕಿ ವಿಕಲಚೇತನರ ಇಲಾಖೆಗೆ. ಮನೆ ಬಿಟ್ಟು ಓಡಿದರೆ ಆ ಎರಡು ಕಾಲು ಪೊಲೀಸರಿಗೆ, ಓಡಿದವನು ಸಿಕ್ಕಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿಗೆ. ಎಲ್ಲರೂ ತಮ್ಮ ತಮ್ಮ ಪಾಲಿಗೆ ಬದು ಹಾಕಿಕೊಂಡಿದ್ದಾರೆ. ಹುಡುಗ ಬದುವಿನ ಮೇಲೆ ನಿಂತಿದ್ದಾನೆ.

ಪಾಪ, ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಮೂಲ ನಕಾಶೆ ಬಂದಿರುವುದೇ ದಿಲ್ಲಿಯಿಂದ. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಹೊಸ ಕಾಯ್ದೆಯಲ್ಲಿ ಅದು 21 ಆಯಿತು. ಒಳ್ಳೆಯದೇ. ಆಟಿಸಂಗೆ ಒಂದು ಸಾಲು ಸಿಕ್ಕಿತು, ಬುದ್ಧಿಮಾಂದ್ಯಕ್ಕೆ ಬೇರೆ ಸಾಲು, ಮಾನಸಿಕ ಕಾಯಿಲೆಗೆ ಮತ್ತೊಂದು. ಫಿಟ್ಸ್‌ಗೆ ಸಾಲೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ತೆಗೆದು ನೋಡಿದರೆ, ಬುದ್ಧಿಮಾಂದ್ಯ ತನ್ನ ಲೆಕ್ಕಕ್ಕೆ ಬರುವುದಿಲ್ಲ ಅಂತ ವ್ಯಾಖ್ಯೆಯಲ್ಲೇ ಬರೆದುಕೊಂಡಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಗೆ ಆಟಿಸಂ ಬೇಕು, ಬುದ್ಧಿಮಾಂದ್ಯ ಬೇಕು, ಮಾನಸಿಕ ಕಾಯಿಲೆ ಬೇಡ. ಒಂದು ಕಾಯ್ದೆ ಆರೋಗ್ಯ ಸಚಿವಾಲಯದ್ದು, ಇನ್ನೆರಡು ಸಾಮಾಜಿಕ ನ್ಯಾಯದ್ದು. ಅಂದರೆ ಹುಡುಗ ರಾತ್ರಿ ಎರಡು ಗಂಟೆಗೆ ತಲೆ ಬಡಿದುಕೊಂಡರೆ, ಈಗ ಬಡಿದುಕೊಳ್ಳುತ್ತಿರುವುದು ಯಾವ ಸಚಿವಾಲಯದ ವ್ಯಾಪ್ತಿಯಲ್ಲಿ ಅಂತ ತಾಯಿ ಮೊದಲು ತೀರ್ಮಾನಿಸಬೇಕು. ಅಂಗೈ ಅಡ್ಡ ಇಡುವುದು ಆಮೇಲೆ.

‘ಒಂದಕ್ಕಿಂತ ಜಾಸ್ತಿ ಇದ್ದವರಿಗೆ’ ಅಂತಲೂ ಪಟ್ಟಿಯ ಕೊನೆಗೆ ಒಂದು ಸಾಲಿದೆ, ಇಲ್ಲ ಅನ್ನುವಂತಿಲ್ಲ. ಆದರೆ ಅದು ನಿಜವಾಗಬೇಕಾದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಒಂದೇ ಹುಡುಗನನ್ನು ನೋಡಿ ಒಂದೇ ಫಾರಂಗೆ ಸಹಿ ಹಾಕಬೇಕು. ಅದಕ್ಕಿಂತ ಸೂರ್ಯಗ್ರಹಣ ವಾಸಿ. ಗ್ರಹಣದ ದಿನಾಂಕವಾದರೂ ಪಂಚಾಂಗದಲ್ಲಿ ಮೊದಲೇ ಸಿಗುತ್ತದೆ.

ಆಸ್ಪತ್ರೆಯ ಕತೆ ಕೇಳಿ. ಹೆಸರು ಬೇಡ, ದೊಡ್ಡಾಸ್ಪತ್ರೆ ಅಂದರೆ ಸಾಕು. ಮಕ್ಕಳ ವಿಭಾಗದವರು, ಇದು ಮನೋರೋಗದ್ದು, ಆ ಕಡೆ ಹೋಗಿ ಅಂದರು. ಮನೋರೋಗದವರು, ಮೊದಲು ಫಿಟ್ಸ್ ಹತೋಟಿಗೆ ಬರಲಿ, ನರದ ಡಾಕ್ಟರಿಗೆ ತೋರಿಸಿ ಅಂದರು. ನರದ ಡಾಕ್ಟರು ಬೆಂಗಳೂರಿನಲ್ಲಿ ಅಂದರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕುರ್ಚಿ ಎಳೆದು ಹುಡುಗನ ಪಕ್ಕ ಕೂತು, ಅರ್ಧ ಗಂಟೆ ನೋಡಿ, ನಾಲ್ಕು ದಿನ ಅಡ್ಮಿಟ್ ಮಾಡಿಕೊಂಡು ನೋಡೋಣ ಅಂದ. ಪುಣ್ಯಾತ್ಮ. ಆದರೆ ಕಾಯ್ದೆ ಅಡ್ಡ ಬಂತು. ಮನೋರೋಗ ವಾರ್ಡಿಗೆ ಸೇರಿಸಿಕೊಳ್ಳುವ ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು ಅನ್ನುತ್ತದೆ 2017ರ ಕಾಯ್ದೆ. ಬಹಳ ಸರಿಯಾದ ಮಾತು. ಅಲ್ಲಿ ಬೇರೆ ರೂಮು ಇಲ್ಲ. ರೂಮಿಲ್ಲದ್ದಕ್ಕೆ ಮಕ್ಕಳನ್ನು ಸೇರಿಸಿಕೊಳ್ಳಲ್ಲ. ಮಕ್ಕಳೇ ಸೇರದ ಮೇಲೆ ಬೇರೆ ರೂಮಿಗೆ ಬೇಡಿಕೆ ಎಲ್ಲಿದೆ ಅಂತ ಮೇಲಿನವರು ಕೇಳುತ್ತಾರೆ. ಕಾಯ್ದೆ ಎಲ್ಲೂ ಮುರಿದಿಲ್ಲ ನೋಡಿ.

ಹುಡುಗನ ಅಂಗವಿಕಲ ಪ್ರಮಾಣಪತ್ರದ ಮೇಲೆ ‘ತಾತ್ಕಾಲಿಕ’ ಅಂತ ಸೀಲಿದೆ. ಅವಧಿ ಮುಗಿದ ಮೇಲೆ ಮತ್ತೆ ಬಂದು, ಮತ್ತೆ ಬೋರ್ಡಿನ ಮುಂದೆ ಕೂತು, ಇನ್ನೂ ಹಾಗೇ ಇದ್ದೇನೆ ಅಂತ ತೋರಿಸಿ ಹೋಗಬೇಕು. ಅಜ್ಜಿ ಹರಕೆ ಹೊತ್ತು ಹೊತ್ತು ಕೈಬಿಟ್ಟಿದ್ದಾಳೆ. ಅಪ್ಪ ದೇವರ ಮೇಲೆ ಭಾರ ಹಾಕಿದ್ದಾನೆ. ಈ ಹುಡುಗ ಇವತ್ತಲ್ಲ ನಾಳೆ ಪೂರ್ತಿ ಸರಿಹೋಗುತ್ತಾನೆ ಅಂತ ಇನ್ನೂ ಗಟ್ಟಿಯಾಗಿ ನಂಬಿರುವುದು ಸರ್ಕಾರ ಒಂದೇ.

ಶಾಲೆಯ ವಿಷಯ ಜಾಸ್ತಿ ಬೆಳೆಸಲ್ಲ. ರಿಜಿಸ್ಟರಿನಲ್ಲಿ ಹುಡುಗನ ಹೆಸರಿದೆ, ಹುಡುಗ ಮನೆಯಲ್ಲಿದ್ದಾನೆ. ಉಳಿದ ಮಕ್ಕಳಿಗೆ ತೊಂದರೆ ಆಗುತ್ತೆ ಅಂತ ಒಂದು ದಿನ ಕಳಿಸಿದವರು ಮತ್ತೆ ಕರೆದಿಲ್ಲ, ಹೆಸರು ತೆಗೆದೂ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಡಾಕ್ಟರ ತಂಡ ಶಾಲೆಗೇ ಬಂದು, 18 ವರ್ಷದವರೆಗಿನ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾದವರನ್ನು ಹುಡುಕಬೇಕು. ತಂಡ ಬಂತು, ಶಾಲೆಯಲ್ಲಿದ್ದ ಎಲ್ಲ ಮಕ್ಕಳ ಹಲ್ಲು, ಕಣ್ಣು, ಉಗುರು ನೋಡಿತು. ಯಾರಿಗಾಗಿ ಬಂದಿದ್ದರೋ ಅವನ ಹೆಸರಿನ ಮುಂದೆ ‘ಗೈರು’ ಅಂತ ಬರೆದುಕೊಂಡು ಹೋಯಿತು. ಮನೆಗೆ ಬಂದು ಕಲಿಸುವ ವಿಶೇಷ ಶಿಕ್ಷಕಿ ಒಬ್ಬರಿದ್ದಾರೆ, ಸಂಪನ್ಮೂಲ ಶಿಕ್ಷಕಿ. ಒಳ್ಳೆಯ ಹೆಂಗಸು. ಒಂದು ಸ್ಕೂಟಿ, ಮುಗಿಯದಷ್ಟು ಊರು, ಮೇಲೆ ಸಿರುಗುಪ್ಪದ ಬಿಸಿಲು. ಅವರ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸಿಲ್ಲ.

ಹುಡುಗನಿಗೆ ಆಧಾರ್ ನಂಬರ್ ಇದೆ. ಶಾಲೆಯ ಎಸ್‌ಎಟಿಎಸ್ ನಂಬರ್ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ನಂಬರ್ ಇದೆ. ಆಸ್ಪತ್ರೆಯವರು ಆರೋಗ್ಯ ದಾಖಲೆಯ ಆಭಾ ನಂಬರ್ ಮಾಡಿಕೊಟ್ಟಿದ್ದಾರೆ. ರೇಷನ್ ಕಾರ್ಡಿನಲ್ಲೂ ಇದ್ದಾನೆ. ಒಂದರಲ್ಲಿ ಹೆಸರಿಗೆ ‘ಶ’, ಇನ್ನೊಂದರಲ್ಲಿ ‘ಷ’, ಮತ್ತೊಂದರಲ್ಲಿ ಬರೀ ‘ಸ’. ಸರಿ ಯಾವುದು ಅಂತ ಕೇಳಿದರೆ ಹೇಳಲು ಅವನಿಗೆ ಮಾತು ಬರಲ್ಲ.

ಇಷ್ಟೆಲ್ಲ ಸುತ್ತುವಾಗ ನನ್ನ ತಲೆಯಲ್ಲಿ ಒಂದೇ ವಿಷಯ ಕೊರೆಯುತ್ತಿತ್ತು. ಇದು ಬಳ್ಳಾರಿ, ಅಲ್ವಾ? ಇಡೀ ದೇಶಕ್ಕೆ ಈ ಕೆಲಸ ಹೇಗೆ ಮಾಡಬೇಕು ಅಂತ ಮಾಡಿ ತೋರಿಸಿದ ಊರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ಆದರೆ ಅದನ್ನು ಜಿಲ್ಲೆಯಲ್ಲಿ ನಡೆಸುವುದು ಹೇಗೆ ಅಂತ ಯಾರಿಗೂ ಹೊಳೆಯಲಿಲ್ಲ. 1985ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯವರು ಆರಿಸಿಕೊಂಡಿದ್ದು ಬಳ್ಳಾರಿ ಜಿಲ್ಲೆಯನ್ನು. ಮನೋವೈದ್ಯರು ಸಿಗದಿದ್ದರೆ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಕಲಿಸೋಣ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಕಲಿಸೋಣ, ಮಾತ್ರೆ ಅಲ್ಲೇ ಸಿಗುವಂತೆ ಮಾಡೋಣ ಅಂದರು. ಫಿಟ್ಸ್ ಬಂದವರಿಗೂ, ಮನಸ್ಸು ಕೆಟ್ಟವರಿಗೂ ಅದೇ ಕೇಂದ್ರ, ಅದೇ ಡಾಕ್ಟರು. ನರ ಬೇರೆ, ಮನಸ್ಸು ಬೇರೆ ಅಂತ ಆ ಎಂಬಿಬಿಎಸ್ ಡಾಕ್ಟರಿಗೆ ಯಾರೂ ಪೋಡಿ ಮಾಡಿಕೊಟ್ಟಿರಲಿಲ್ಲ. ಇದಕ್ಕೇ ‘ಬಳ್ಳಾರಿ ಮಾದರಿ’ ಅಂತ ಹೆಸರು ಬಂತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಇದರ ಮೇಲೆ. ಮಾನಸಿಕ ಆರೋಗ್ಯ ಓದುವವರು ಇವತ್ತಿಗೂ ಈ ಹೆಸರನ್ನು ಪರೀಕ್ಷೆಗೆ ಬರೆಯುತ್ತಾರೆ.

ಆಗ ಬೆಂಗಳೂರು ಬಳ್ಳಾರಿಗೆ ಬಂದಿತ್ತು. ಈಗ ನನ್ನ ತಂಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಾಳೆ. ಜನರಲ್ ಬೋಗಿಯಲ್ಲಿ, ರಾತ್ರಿಯಿಡೀ ಹುಡುಗನ ತಲೆಗೂ ಬೋಗಿಯ ಕಬ್ಬಿಣಕ್ಕೂ ನಡುವೆ ಅದೇ ಅಂಗೈ. ಅಲ್ಲಿ ಸರತಿಯಲ್ಲಿ ಪಕ್ಕಕ್ಕೆ ಕೂತವರು, ಯಾವ ಕಡೆಯವರಮ್ಮ ಅಂತ ಕೇಳಿದರೆ ಬಳ್ಳಾರಿ ಅನ್ನುತ್ತಾಳೆ. ಮಾದರಿ ಅನ್ನುವುದು ಬೇರೆಯವರು ನೋಡಿ ಮಾಡಲಿ ಅಂತ ಇಡುವ ವಸ್ತು ತಾನೆ. ಜೀನ್ಸ್ ಅಂಗಡಿಯ ಗಾಜಿನೊಳಗಿನ ಗೊಂಬೆ ಹಾಕಿಕೊಂಡಿರುವ ಪ್ಯಾಂಟನ್ನು ಬಿಚ್ಚಿ ಕೊಡಿ ಅಂತ ಕೇಳಿದರೆ ಯಾರು ಕೊಡುತ್ತಾರೆ?

ಈಗ ಸಭೆಗೆ ಬರೋಣ. ಆ ಸಮನ್ವಯ ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವ ಯೋಗ ನನಗೂ ಒಮ್ಮೆ ಬಂತು. ಪೋಷಕರ ಪ್ರತಿನಿಧಿ ಬರಲಿಲ್ಲ, ನೀವೇ ಕೂರಿ, ಕೋರಂ ಆಗಲಿ ಅಂದರು. ಬಂದವರಲ್ಲಿ ಅಧಿಕಾರಿಗಳು ಕಡಿಮೆ, ಅವರ ಪ್ರತಿನಿಧಿಗಳೇ ಜಾಸ್ತಿ. ಸಾಹೇಬರು ವಿಸಿಯಲ್ಲಿದ್ದಾರೆ ಅಂತ ಮ್ಯಾನೇಜರ್ ಬಂದಿದ್ದರು. ಮ್ಯಾನೇಜರಿಗೆ ಬೇರೆ ಸಭೆ ಅಂತ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರು, ಬಂದಿದ್ದರು. ಒಂದು ಇಲಾಖೆಯಿಂದ ಡ್ರೈವರ್ ಬಂದಿದ್ದ. ಇಡೀ ಸಭೆಯಲ್ಲಿ ಜಿಲ್ಲೆಯ ಎಲ್ಲ ಹಳ್ಳಿಗಳನ್ನು ಕಣ್ಣಾರೆ ನೋಡಿದ್ದವನು ಅವನೇ, ಅವನನ್ನು ಯಾರೂ ಏನೂ ಕೇಳಲಿಲ್ಲ.

ಮೊದಲು ಹಿಂದಿನ ಸಭೆಯ ನಡವಳಿ ದೃಢೀಕರಣ. ಹಿಂದಿನ ಸಭೆಯಲ್ಲಿ ಅದರ ಹಿಂದಿನ ಸಭೆಯ ನಡವಳಿಯನ್ನು ದೃಢೀಕರಿಸಲಾಗಿತ್ತು. ಆಮೇಲೆ ಡೆಂಗಿ, ಕುಡಿಯುವ ನೀರು, ಬೋರ್‌ವೆಲ್. ಮಕ್ಕಳ ವಿಷಯ ಹನ್ನೊಂದನೆಯದು. ಅದು ಬರುವ ಹೊತ್ತಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು. ಒಗ್ಗರಣಿ ಹಂಚುವುದರಲ್ಲಿ ನಾನು ಕಂಡ ಸಮನ್ವಯ ಇದೆಯಲ್ಲ, ಅದನ್ನು ಮರೆಯಲಾರೆ. ಆರೋಗ್ಯ ಇಲಾಖೆಯವರು ಪ್ಲೇಟು ದಾಟಿಸಿದರು, ಶಿಕ್ಷಣದವರು ಮಿರ್ಚಿ ಇಟ್ಟರು, ಮಹಿಳಾ ಮಕ್ಕಳ ಇಲಾಖೆಯವರು ಈರುಳ್ಳಿ ಹಾಕಿದರು, ಪೊಲೀಸಿನವರು ಚಹಾದ ಮೇಲೆ ನಿಗಾ ಇಟ್ಟರು. ಒಬ್ಬರಾದರೂ ‘ನಮ್ದಲ್ರೀ’ ಅನ್ನಲಿಲ್ಲ.

ಮಿರ್ಚಿ ಮುಗಿದ ಮೇಲೆ ನಾನು ಧೈರ್ಯ ಮಾಡಿ ಹುಡುಗನ ವಿಷಯ ಹೇಳಿದೆ. ಎಲ್ಲರಿಗೂ ನಿಜವಾಗಿ ಬೇಜಾರಾಯಿತು. ಒಬ್ಬರು ತಮ್ಮ ಅಕ್ಕನ ಮೊಮ್ಮಗನೂ ಹೀಗೇ ಇದ್ದಾನೆ ಅಂತ ಕಣ್ಣು ಒರೆಸಿಕೊಂಡರು. ಎರಡು ನಿಮಿಷ ಕಚೇರಿ ಮನೆಯಂತಾಯಿತು. ಆಮೇಲೆ ಯಾರೋ ಪೆನ್ನು ತೆಗೆದರು. ಇದಕ್ಕೆ ಪ್ರತ್ಯೇಕ ಉಪಸಮಿತಿ ರಚಿಸುವುದು ಅಂತ ತೀರ್ಮಾನವಾಯಿತು. ತಕ್ಷಣ ಒಂದು ವಾಟ್ಸಾಪ್ ಗುಂಪೂ ಆಯಿತು, ನನ್ನನ್ನೂ ಸೇರಿಸಿದರು. ಅದರಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಬರುತ್ತದೆ. ಹುಡುಗನ ಬಗ್ಗೆ ನಾನು ಹಾಕಿದ ಸಂದೇಶಕ್ಕೆ ಒಂಬತ್ತು ಜನ ಕೈ ಮುಗಿದಿದ್ದಾರೆ.

ಖಾಲಿ ಹುದ್ದೆಗಳ ಕತೆ ಈ ಭಾಗದವರಿಗೆ ಹೊಸದಲ್ಲ. ಇರುವವರ ಹೆಗಲ ಮೇಲೇ ಪ್ರಭಾರ. ಒಬ್ಬರೇ ಎರಡು ಇಲಾಖೆಯ ಪ್ರಭಾರದಲ್ಲಿದ್ದರು ಅಂತ ಒಂದು ಕಚೇರಿಯ ಹಳಬರು ಹೇಳಿದ್ದು ಇದು. ಬೆಳಿಗ್ಗೆ ಒಂದು ಕುರ್ಚಿಯಲ್ಲಿ ಕೂತು, ಈ ಮಕ್ಕಳ ಪಟ್ಟಿ ಕೊಡಿ ಅಂತ ಇನ್ನೊಂದು ಇಲಾಖೆಗೆ ಪತ್ರ ಬರೆದರಂತೆ. ಮಧ್ಯಾಹ್ನ ಆ ಇನ್ನೊಂದು ಕುರ್ಚಿಗೆ ಹೋಗಿ ಪತ್ರ ಓದಿ, ‘ಪರಿಶೀಲಿಸಿ ಮಂಡಿಸಿ’ ಅಂತ ಬರೆದು ಕೆಳಗೆ ಕಳಿಸಿದರಂತೆ. 15 ದಿನ ಆದರೂ ಉತ್ತರ ಬರದಿದ್ದಾಗ ಅವರಿಗೇ ಸಿಟ್ಟು ಬಂದು ನೆನಪೋಲೆ-1 ಹೊರಡಿಸಿದರು. ನೆನಪೋಲೆ-2 ತಲುಪಿದ ದಿನ ಬಹಳ ನೊಂದುಕೊಂಡರಂತೆ, ಏನ್ ಒತ್ತಡ ಹಾಕ್ತಾರ್ರೀ ಆ ಇಲಾಖೆಯವರು ಅಂತ. ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಕೇಳಿದ ಅಷ್ಟೂ ಜನ ತಲೆಯಾಡಿಸಿದ್ದಂತೂ ಹೌದು.

ಅಂದ ಹಾಗೆ, ಆ ಎಂಜಿನಿಯರ್ ಸಾಹೇಬರು ಮಾತು ಉಳಿಸಿಕೊಂಡರು. ಮಳಿಗೆ ಅಲ್ಲದಿದ್ದರೂ ಒಂದು ರೂಮು ಎದ್ದಿತು. ಗಣಿ ಜಿಲ್ಲೆ ನೋಡಿ, ಕಟ್ಟುವುದಕ್ಕೆ ದುಡ್ಡಿನ ಬರ ಇಲ್ಲ. ಗೋಡೆಗೆ ಮೆತ್ತೆ, ನೆಲಕ್ಕೆ ರಬ್ಬರು, ಒಂದು ಜೋಕಾಲಿ, ಒಂದು ತೊಟ್ಟಿ ತುಂಬ ಬಣ್ಣದ ಚೆಂಡು. ತಲೆ ಬಡಿದುಕೊಳ್ಳುವ ಹುಡುಗನಿಗೆ ಮೆತ್ತೆಯ ಗೋಡೆಗಿಂತ ಇನ್ನೇನು ಬೇಕು? ಹೊರಗೆ ಕಪ್ಪು ಕಲ್ಲಿನಲ್ಲಿ ಉದ್ಘಾಟಕರ ಹೆಸರು. ಬಾಗಿಲಿಗೆ ಬೀಗ. ಕಟ್ಟಡ ಒಂದು ಇಲಾಖೆಯದು, ಸಾಮಾನು ಇನ್ನೊಂದರದ್ದು, ಚಿಕಿತ್ಸೆ ಕೊಡುವ ಸಿಬ್ಬಂದಿಯನ್ನು ಮೂರನೆಯ ಇಲಾಖೆ ಕೊಡಬೇಕು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಉತ್ತರ ನಿಮಗೆ ಗೊತ್ತೇ ಇದೆ. ನಾನು ಕಿಟಕಿಯಿಂದ ಇಣುಕಿದೆ. ಚೆಂಡುಗಳ ಮೇಲೆ ಕೆಂಪು ಧೂಳು ಕೂತಿತ್ತು. ಎಲ್ಲ ಒಂದೇ ಬಣ್ಣ.

ಹಾಗಾದರೆ ಈ ಜಿಲ್ಲೆಯಲ್ಲಿ ಸಮನ್ವಯ ಮಾಡುವವರು ಯಾರೂ ಇಲ್ಲವೇ ಅಂತ ಕೇಳಬೇಡಿ. ಇದ್ದಾರೆ. ಕಚೇರಿಯ ಕಾಂಪೌಂಡಿನ ಹಿಂದೆ, ಬೇವಿನ ಮರದ ಕೆಳಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಅಂಗಡಿಯವನು ಅವನ ಗೋಡೆ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡಿದ್ದಾನೆ. ಯಾವ ಕಾರ್ಡಿಗೆ ಆಧಾರ್ ಎಷ್ಟು ಕಾಪಿ, ಫೋಟೊ ಎಷ್ಟು, ಬೋರ್ಡ್ ಕೂರುವ ವಾರ ಯಾವುದು, ಯಾವ ಗುಮಾಸ್ತರು ಊಟ ಮುಗಿಸಿ ಎಷ್ಟೊತ್ತಿಗೆ ಬರುತ್ತಾರೆ, ಯಾರು ಕೋಪಿಷ್ಠರು, ಯಾರ ಹತ್ತಿರ ಸ್ವಲ್ಪ ಅತ್ತರೆ ಕೆಲಸ ಆಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ ಅಂತ ನನ್ನ ತಂಗಿಗೆ ಮೊದಲು ಹೇಳಿದವನೂ ಅವನೇ. ಶ, ಷ, ಸ ಮೂರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಲು ಯಾರನ್ನು ಹಿಡಿಯಬೇಕು ಅಂತಲೂ ಅವನಿಗೆ ಗೊತ್ತು. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆ ಆದಾಗ, ಕೂಡ್ಲಿಗಿ, ಹಡಗಲಿ ಕಡೆಯ ಮಕ್ಕಳ ಹಳೇ ಕಾಗದ ಯಾವ ಕಚೇರಿಯಲ್ಲಿ ಉಳಿದಿವೆ, ಯಾವುದು ಹೊಸಪೇಟೆಗೆ ಹೋಗಿವೆ ಅಂತ ಅವನು ಲೆಕ್ಕ ಇಟ್ಟಿದ್ದ. ಸಂಬಳ ಇಲ್ಲ, ಪ್ರಭಾರ ಭತ್ಯೆ ಇಲ್ಲ. ಪುಟಕ್ಕೆ ಎರಡು ರೂಪಾಯಿ.

ಕೊನೆಯ ದಿನ ನಾವು ಅಲ್ಲಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಬಳ್ಳಾರಿಯ ಬಿಸಿಲಿಗೆ ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ಹುಡುಗ ಬೆಳಿಗ್ಗೆಯಿಂದ ಅಳುತ್ತಿದ್ದ, ಕೈ ಕಚ್ಚಿಕೊಂಡು ರಕ್ತ ಬಂದಿತ್ತು. ಅಂಗಡಿಯವನು ಒಂದು ಕಾಗದವನ್ನು ಗಾಜಿನ ಮೇಲೆ ಬೋರಲು ಹಾಕಿ, ಅವಸರದಲ್ಲಿ ಮುಚ್ಚಳ ಮುಚ್ಚದೆ ಬಟನ್ ಒತ್ತಿದ. ಹಸಿರು ಬೆಳಕು ಈ ಕಡೆಯಿಂದ ಆ ಕಡೆಗೆ ಸರಿದು ಹೋಯಿತು. ಹುಡುಗನ ಅಳು ನಿಂತಿತು. ಹತ್ತಿರ ಬಂದು ಗಲ್ಲ ಮಷೀನಿನ ಅಂಚಿಗಿಟ್ಟು, ಬೆಳಕು ಹೋದ ಕಡೆಯೇ ನೋಡುತ್ತಾ ನಿಂತ.

‘ಇನ್ನೊಂದು ತೆಗೀರಿ’ ಅಂದಳು ನನ್ನ ತಂಗಿ.

‘ಯಾವ ಕಾಗದದ್ದಮ್ಮ?’

‘ಯಾವುದಾದ್ರೂ ಸರಿ.’

ಅವನು ಅವಳ ಮುಖ ನೋಡಿದ. ಹುಡುಗನನ್ನು ನೋಡಿದ. ಗಾಜಿನ ಮೇಲಿದ್ದ ಕಾಗದವನ್ನೂ ತೆಗೆದಿಟ್ಟು ಮತ್ತೆ ಬಟನ್ ಒತ್ತಿದ. ಮತ್ತೊಮ್ಮೆ. ಇನ್ನೊಮ್ಮೆ. ಮಷೀನಿನ ಇನ್ನೊಂದು ಬದಿಯಿಂದ ಬಿಸಿಬಿಸಿಯಾಗಿ ಕಪ್ಪು ಹಾಳೆಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಹೊರಡುವಾಗ ಅವನು ಲೆಕ್ಕ ಹೇಳಿದ, ಆಧಾರ್ ಮೂರು, ರೇಷನ್ ಕಾರ್ಡ್ ಎರಡು, ಹತ್ತು ರೂಪಾಯಿ. ಕಪ್ಪು ಹಾಳೆಗಳನ್ನು ಎಣಿಸಲಿಲ್ಲ.